ಇಬ್ಬರು ಕೂತರೆ ಪೂರ್ತಿ ಹಾಡುವ ಬೆಂಚು: ಸಾರ್ವಜನಿಕ ಜಾಗದಲ್ಲಿ ಧ್ವನಿ ಕಲಾಕೃತಿ ಕಟ್ಟುವ ಸಮಗ್ರ ಮಾರ್ಗದರ್ಶಿ

ಗ್ಯಾಲರಿಯೊಳಗಿನ ಧ್ವನಿ ಕಲಾಕೃತಿಯನ್ನು ಕೇಳಲೆಂದೇ ಬಂದವರು ಕೇಳುತ್ತಾರೆ. ಬೀದಿಯಲ್ಲೋ ಉದ್ಯಾನದಲ್ಲೋ ಇಟ್ಟದ್ದನ್ನು ಬೇಡವೆನ್ನುವವರೂ ಕೇಳಬೇಕಾಗುತ್ತದೆ: ಎದುರು ಕಿಟಕಿಯವರು, ಪಕ್ಕದಲ್ಲಿ ದಿನವಿಡೀ ನಿಂತು ಕೆಲಸ ಮಾಡುವವರು, ರಾತ್ರಿ ಕಾವಲಿನವರು. ಒಂದೇ ಸ್ವರವನ್ನು ಸಾವಿರ ಸಲ ಕೇಳಿದ ಅವರಿಗೆ ತಾಳ್ಮೆ ತಪ್ಪಿದರೆ ನಿಮ್ಮ ಸೆನ್ಸರ್ ಎಷ್ಟು ನಿಖರವಾಗಿದ್ದರೂ ಪ್ಲಗ್ ಕಿತ್ತುಬಿಡುತ್ತಾರೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಪ್ರತಿ ನಿರ್ಧಾರವನ್ನೂ ಆ ಸಾವಿರ ಸಲದ ಕೇಳುಗರ ಕಡೆಯಿಂದಲೇ ನೋಡಲಾಗಿದೆ.

ಕಟ್ಟಲಿರುವುದು ಇಬ್ಬರು ಕೂರುವ ಒಂದು ಬೆಂಚು. ಖಾಲಿಯಿದ್ದಾಗ ಮೌನ. ಒಬ್ಬರು ಕೂತರೆ ರಾಗದ ಅರ್ಧ, ಇಬ್ಬರು ಕೂತರೆ ಪೂರ್ತಿ. ತೋಳುಪಟ್ಟಿಯನ್ನು ತಟ್ಟಿದರೆ ತಾಳ. ಧ್ವನಿ ಬರುವುದು ಸ್ಪೀಕರ್ ಪೆಟ್ಟಿಗೆಯಿಂದಲ್ಲ, ತಲೆಯ ಹಿಂದಿನ ಮರದ ಹಲಗೆಯಿಂದ. ಬೆಸುಗೆ ಹಾಕಲು, ಮಲ್ಟಿಮೀಟರ್ ಬಳಸಲು, ಆರ್ಡುಯಿನೊ ಮಾದರಿಯ ಬೋರ್ಡಿಗೆ ಪ್ರೋಗ್ರಾಂ ತುಂಬಲು ಬಲ್ಲವರಿಗೆ ಇದು ಸಾಧ್ಯ. ಕಬ್ಬಿಣದ ಚೌಕಟ್ಟನ್ನು ಮಾತ್ರ ವೆಲ್ಡಿಂಗ್ ಬಲ್ಲವರಿಂದಲೇ ಮಾಡಿಸಿ.

1. ಮೊದಲು ಜಾಗವನ್ನು ಕೇಳಿ

ಬೆಂಚಿಡುವ ಜಾಗದಲ್ಲಿ ಬೆಳಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ತಲಾ 15 ನಿಮಿಷ ಹಿನ್ನೆಲೆ ಸದ್ದನ್ನು ಡಿಬಿಎ (ಮನುಷ್ಯರ ಕಿವಿಯ ಗ್ರಹಿಕೆಗೆ ಹೊಂದಿಸಿದ ಡೆಸಿಬೆಲ್) ಲೆಕ್ಕದಲ್ಲಿ ಅಳೆಯಿರಿ. ವಾರದ ದಿನ ಒಮ್ಮೆ, ರಜೆಯ ದಿನ ಒಮ್ಮೆ. ಫೋನಿನ ಆ್ಯಪ್‌ಗಳು ಹಲವು ಡೆಸಿಬೆಲ್ ತಪ್ಪಬಹುದು. ಕ್ಲಾಸ್ 2 ದರ್ಜೆಯ ಶಬ್ದಮಾಪಕ ಒಂದನ್ನು ಬಾಡಿಗೆಗೆ ತರುವುದು ಲೇಸು. ಅತಿ ಹತ್ತಿರದ ಕಿಟಕಿ ಎಷ್ಟು ಮೀಟರ್ ದೂರದಲ್ಲಿದೆ, ಎದುರಿಗೆ ಗಟ್ಟಿ ಗೋಡೆ ಇದೆಯೇ, ಮಳೆನೀರು ಎತ್ತ ಹರಿಯುತ್ತದೆ ಎಂದೂ ಬರೆದುಕೊಳ್ಳಿ.

ಈಗ ಸಣ್ಣ ಲೆಕ್ಕ. ಬಯಲಲ್ಲಿ ಒಂದು ಬಿಂದುವಿನಿಂದ ಹೊರಟ ಸದ್ದು ದೂರ ಇಮ್ಮಡಿಯಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆ. ಹಿನ್ನೆಲೆ 58 ಡಿಬಿಎ ಇದ್ದರೆ ಕೂತವರ ಕಿವಿಗೆ 62 ಸಾಕು. ಹಿನ್ನೆಲೆಗಿಂತ 3ರಿಂದ 5 ಡೆಸಿಬೆಲ್ ಮೇಲಿದ್ದರೆ ಸ್ವರ ಸ್ಪಷ್ಟವಾಗಿ ಕೇಳುತ್ತದೆ. ಹಲಗೆ ಕಿವಿಯಿಂದ 40 ಸೆಂ.ಮೀ. ದೂರದಲ್ಲಿದ್ದರೆ ಅದೇ 62 ಒಂದು ಮೀಟರ್ ಆಚೆ ಸುಮಾರು 54ಕ್ಕೆ, 16 ಮೀಟರ್ ಆಚೆ 30ಕ್ಕೆ ಇಳಿದಿರುತ್ತದೆ. ಅಂದರೆ ಎದುರಿಂದ ಹಾದುಹೋಗುವವರಿಗೇ ಅದು ಹಿನ್ನೆಲೆಯಲ್ಲಿ ಮುಳುಗಿಹೋಗುತ್ತದೆ. ಇದೇ ಕೆಲಸವನ್ನು 5 ಮೀಟರ್ ಎತ್ತರದ ಕಂಬದ ಹಾರ್ನ್ ಸ್ಪೀಕರಿನಿಂದ ಮಾಡಹೊರಟರೆ ಇಡೀ ಚೌಕಕ್ಕೆ ಕೇಳಿಸಬೇಕಾಗುತ್ತದೆ. ಸದ್ದನ್ನು ಕಿವಿಯ ಹತ್ತಿರ ಒಯ್ಯುವುದೇ ಮೊದಲ ಪಾಠ. ಎದುರುಗೋಡೆಗಳ ನಡುವೆ ಅಥವಾ ಛಾವಣಿಯ ಕೆಳಗೆ ಈ ಲೆಕ್ಕ ಕೈಕೊಡುತ್ತದೆ. ಅಲ್ಲಿ ಸಣ್ಣ ಸ್ಪೀಕರ್ ಇಟ್ಟು ಕಿಟಕಿಯ ಬಳಿ ನಿಂತೇ ಅಳೆಯಬೇಕು.

ಅಮೆರಿಕದ ಧ್ವನಿ ಕಲಾವಿದ ಮ್ಯಾಕ್ಸ್ ನ್ಯೂಹೌಸ್ 1977ರಲ್ಲಿ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ, ಪಾದಚಾರಿಗಳು ನಡೆದಾಡುವ ಕಬ್ಬಿಣದ ಜಾಲರಿಯ ಕೆಳಗೆ ಇಟ್ಟ ಕೃತಿ ಈ ಮಾತಿಗೆ ಒಳ್ಳೆಯ ಸಾಕ್ಷಿ. ಫಲಕವಿಲ್ಲ, ವಿವರಣೆಯಿಲ್ಲ. ಜಾಲರಿಯ ಮೇಲೆ ನಿಂತವರಿಗೆ ಗುಂಯ್‌ಗುಡುವ ನಾದ, ಆಚೆ ಸರಿದರೆ ಬರೀ ಸಂಚಾರದ ಗದ್ದಲ. 1992ರಲ್ಲಿ ನಿಂತಿದ್ದ ಅದು 2002ರಿಂದ ಮತ್ತೆ ನುಡಿಯುತ್ತಿದೆ.

ಜಾಗದ ಒಡೆಯರ ಅನುಮತಿ ಪತ್ರದಲ್ಲಿ ಮೂರು ವಿಷಯ ಬರಹದಲ್ಲಿರಲಿ: ನುಡಿಸುವ ಗಂಟೆಗಳು, ಗರಿಷ್ಠ ಡೆಸಿಬೆಲ್ ಮಿತಿ, ದೂರು ಬಂದರೆ ಯಾರು ಬಂದು ಆರಿಸುತ್ತಾರೆ ಎಂಬುದು. ಕಾನೂನಿನ ಶಬ್ದಮಿತಿ ಊರಿಂದೂರಿಗೆ, ಹಗಲು ರಾತ್ರಿಗೆ ಬೇರೆಬೇರೆ.

2. ವರ್ತನೆಯನ್ನು ಕಾಗದದ ಮೇಲೆ ಬರೆಯಿರಿ

ಸೆನ್ಸರ್ ಕೊಳ್ಳುವ ಮೊದಲೇ ಬೆಂಚು ಯಾವಾಗ ಏನು ಮಾಡಬೇಕೆಂದು ಒಂದು ಹಾಳೆಯಲ್ಲಿ ಮುಗಿಸಿ.

ಖಾಲಿ ಬೆಂಚು: ಪೂರ್ಣ ಮೌನ. ಜನರನ್ನು ಕರೆಯಲು ಆಗಾಗ ಒಂದು ಸ್ವರ ಹೊರಡಿಸೋಣ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ದೂರುಗಳು ಹುಟ್ಟುವುದು ಅಲ್ಲಿಂದಲೇ.

ಒಬ್ಬರು ಕೂತಾಗ: ಆ ಬದಿಯ ಧ್ವನಿಪದರ ಒಂದೂವರೆ ಸೆಕೆಂಡಿನಲ್ಲಿ ನಿಧಾನ ಏರುತ್ತದೆ. ಥಟ್ಟನೆ ಶುರುವಾದರೆ ಜನ ಬೆಚ್ಚಿ ಎದ್ದುಬಿಡುತ್ತಾರೆ. ಎದ್ದಾಗ ನಾಲ್ಕು ಸೆಕೆಂಡಿನಲ್ಲಿ ಇಳಿಯುತ್ತದೆ.

ಇಬ್ಬರೂ ಕೂತಾಗ: ಎರಡನೇ ಬದಿಯ ಪದರ ಸೇರುತ್ತದೆ, ಜೊತೆಗೆ ಒಬ್ಬರಿಗೆ ಎಂದೂ ಸಿಗದ ಮೂರನೆಯ ಪದರವೊಂದು. ಮಾಂಟ್ರಿಯಲ್‌ನಲ್ಲಿ 2011ರಲ್ಲಿ ಶುರುವಾದ 21 ಉಯ್ಯಾಲೆಗಳ ಕೃತಿಯಲ್ಲೂ ಜನ ಒಟ್ಟಿಗೆ ಜೀಕಿದಾಗ ಮಾತ್ರ ಕೆಲವು ಸ್ವರಮೇಳಗಳು ಹೊರಡುತ್ತವೆ. ಅಪರಿಚಿತರನ್ನು ಪಕ್ಕ ಕೂರಲು ಒಪ್ಪಿಸುವುದು ಈ ಮೂರನೆಯ ಪದರವೇ. ಅದಕ್ಕೆ ನಿಮ್ಮ ಅತ್ಯುತ್ತಮ ಧ್ವನಿಯನ್ನು ಮೀಸಲಿಡಿ.

ಎಂಟು ನಿಮಿಷ ಯಾವ ಬದಲಾವಣೆಯೂ ಇಲ್ಲದಿದ್ದರೆ: ಶ್ರುತಿಯಷ್ಟೇ ಉಳಿದು ಉಳಿದದ್ದು ಕರಗಲಿ. ಸುಮ್ಮನೆ ಕೂತು ದಣಿವಾರಿಸಿಕೊಳ್ಳುವವರಿಗೆ ಶಿಕ್ಷೆಯಾಗಬಾರದು.

ತಟ್ಟಿದಾಗ: 30 ಮಿಲಿಸೆಕೆಂಡಿನೊಳಗೆ ಉತ್ತರ. 50 ದಾಟಿದರೆ ಬೆರಳಿಗೂ ಸದ್ದಿಗೂ ಸಂಬಂಧ ಕಳಚಿದಂತೆ ಭಾಸವಾಗುತ್ತದೆ, ಜನ ಜೋರಾಗಿ ಗುದ್ದಲು ಶುರುಮಾಡುತ್ತಾರೆ. ಮುರಿದ ಪ್ಯಾನೆಲ್ಲುಗಳ ಹಿಂದೆ ಹಲವು ಸಲ ಪುಂಡಾಟಿಕೆ ಇರುವುದಿಲ್ಲ, ತಡವಾದ ಪ್ರತಿಕ್ರಿಯೆ ಇರುತ್ತದೆ.

3. ಬೇಕಾದ ಭಾಗಗಳು

- ಆರ್ಡುಯಿನೊ ಮಾದರಿಯ ಟೀನ್ಸಿ 4.1 ಬೋರ್ಡ್ 1, ಅದಕ್ಕೆ ಹೊಂದುವ ಆಡಿಯೊ ಶೀಲ್ಡ್ 1, 16 ಜಿಬಿ ಮೈಕ್ರೊ ಎಸ್‌ಡಿ ಕಾರ್ಡ್ 1
- ಗಡಿಯಾರಕ್ಕೆ ಸಿಆರ್2032 ನಾಣ್ಯಕೋಶ 1
- 50 ಕೆಜಿಯ ಅರ್ಧಸೇತುವೆ ಲೋಡ್ ಸೆಲ್ (ತೂಕದ ಸೆನ್ಸರ್) 8, ಎಚ್‌ಎಕ್ಸ್711 ಮಾಡ್ಯೂಲ್ (ಸೆಲ್ಲಿನ ಸಣ್ಣ ಸಂಕೇತವನ್ನು ಅಂಕಿಯಾಗಿಸುವ ಬೋರ್ಡ್) 2
- 27 ಮಿ.ಮೀ. ಪೀಜೊ ಬಿಲ್ಲೆ (ತಟ್ಟಿದರೆ ವಿದ್ಯುತ್ ಸಂಕೇತ ಕೊಡುವುದು) 3, ಜೊತೆಗೆ ಬಿಡಿಯಾಗಿ 3
- 8 ಓಮ್, 10 ವಾಟ್ ಎಕ್ಸೈಟರ್ (ಹಲಗೆಯನ್ನೇ ಕಂಪಿಸಿ ಸ್ಪೀಕರ್ ಮಾಡುವ ಸಾಧನ) 2
- ಟಿಪಿಎ3116ಡಿ2 ಚಿಪ್‌ನ ಎರಡು ಚಾನೆಲ್ ಆ್ಯಂಪ್ಲಿಫಯರ್ 1
- 12.8 ವೋಲ್ಟ್, 20 ಆ್ಯಂಪಿಯರ್-ಗಂಟೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 1, 5 ಆ್ಯಂಪಿಯರ್ ಫ್ಯೂಸ್, 12ರಿಂದ 5 ವೋಲ್ಟ್‌ಗೆ ಇಳಿಸುವ ಕನ್ವರ್ಟರ್
- ಐಪಿ66 (ದೂಳು, ನೀರಿನ ರಭಸ ತಡೆಯುವ ದರ್ಜೆ) ಪೆಟ್ಟಿಗೆ, ಕೇಬಲ್ ತೂರುವ ರಂಧ್ರಗಳನ್ನು ಮುಚ್ಚುವ ಗ್ಲ್ಯಾಂಡ್‌ಗಳು, ಗಾಳಿಯಾಡುವ ಪೊರೆಯ ವೆಂಟ್ 1
- 6 ಮಿ.ಮೀ. ಮರೈನ್ ಪ್ಲೈವುಡ್ 50×30 ಸೆಂ.ಮೀ. ತುಂಡು 2, ಆಸನಕ್ಕೆ 55×42 ಸೆಂ.ಮೀ. ಗಟ್ಟಿಮರದ ಹಲಗೆ 2
- 40×40×3 ಮಿ.ಮೀ. ಉಕ್ಕಿನ ಚೌಕ ಕೊಳವೆಯ ಚೌಕಟ್ಟು, ನೆಲಕ್ಕೆ ಎಂ12 ಆ್ಯಂಕರ್ 4

ರಾಸ್ಪ್‌ಬೆರಿ ಪೈ ಬದಲು ಟೀನ್ಸಿ ಏಕೆ? ವಿದ್ಯುತ್ ಬಂದ ಕೂಡಲೇ ಅದು ನುಡಿಯಲು ಸಿದ್ಧ, ಮತ್ತು ದಿಢೀರ್ ಕರೆಂಟ್ ಹೋದರೆ ಕೆಡಲು ಆಪರೇಟಿಂಗ್ ಸಿಸ್ಟಂ ಇಲ್ಲ. ಅದರ ಆಡಿಯೊ ಲೈಬ್ರರಿ 128 ಸ್ಯಾಂಪಲ್‌ಗಳ ಕಟ್ಟುಗಳಲ್ಲಿ ಕೆಲಸ ಮಾಡುವುದರಿಂದ ಒಂದು ಕಟ್ಟಿನ ತಡ 2.9 ಮಿಲಿಸೆಕೆಂಡ್ ಮಾತ್ರ. ಪೈ ಬಳಸಲೇಬೇಕಿದ್ದರೆ ಎಸ್‌ಡಿ ಕಾರ್ಡನ್ನು ಓದಲು ಮಾತ್ರದ ಸ್ಥಿತಿಯಲ್ಲಿಡಿ.

ಸೆನ್ಸರ್ ಆಯ್ಕೆಯಲ್ಲಿ ಮಳೆ ಮತ್ತು ಬಿಸಿಲನ್ನೂ ಬಳಕೆದಾರರೆಂದೇ ಎಣಿಸಬೇಕು. ಸ್ಪರ್ಶ ಗ್ರಹಿಸುವ ಕೆಪ್ಯಾಸಿಟಿವ್ ಹಾಳೆಗೆ ಒದ್ದೆ ಹಲಗೆಯೂ ಮನುಷ್ಯನೇ. ದೇಹದ ಶಾಖದ ಚಲನೆ ಗುರುತಿಸುವ ಪಿಐಆರ್ ಸೆನ್ಸರ್‌ಗೆ ಅಲುಗದೆ ಕೂತವರು ಕಾಣುವುದಿಲ್ಲ. ಲೇಸರ್ ದೂರಮಾಪಕದ ವ್ಯಾಪ್ತಿ ನೇರ ಬಿಸಿಲಲ್ಲಿ ಕುಗ್ಗುತ್ತದೆ. 24 ಗಿಗಾಹರ್ಟ್ಸ್ ರೇಡಾರ್ ಮಾಡ್ಯೂಲ್ ಮರದ ಆಚೆಗೂ ನೋಡಬಲ್ಲದು, ಆದರೆ ಪಕ್ಕಪಕ್ಕ ಕೂತ ಇಬ್ಬರನ್ನು ಬಿಡಿಸಿ ಹೇಳುವುದು ಅದಕ್ಕೆ ಕಷ್ಟ. ತೂಕದಲ್ಲಿ ಇಷ್ಟು ಗೊಂದಲವಿಲ್ಲ, ಹಾಗಾಗಿ ಲೋಡ್ ಸೆಲ್. ಈ ಅಗ್ಗದ ಅರ್ಧಸೇತುವೆ ಸೆಲ್‌ಗಳು ಒಂದು ಋತುವಿನ ಪ್ರದರ್ಶನಕ್ಕೆ ಸರಿ. ವರ್ಷಗಟ್ಟಲೆ ಉಳಿಯಬೇಕಾದರೆ ಐಪಿ67 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸೆಲ್‌ಗಳೇ ಬೇಕು.

4. ಆಸನ ಮತ್ತು ತೂಕ

ಪ್ರತಿ ಆಸನದ ನಾಲ್ಕು ಮೂಲೆಗೆ ನಾಲ್ಕು ಸೆಲ್. ಸೆಲ್ಲಿನ ನಡುವಿನ ನಾಲಿಗೆ ಕೆಳಗೆ ಬಾಗಲು ಜಾಗ ಬಿಡುವ ಬ್ರ್ಯಾಕೆಟ್ ಹಾಕಲೇಬೇಕು. ಸಪಾಟಾಗಿ ಅಂಟಿಸಿದರೆ ಆನೆ ಕೂತರೂ ಅಂಕಿ ಬದಲಾಗದು. ತೂಕವೇ ಬರುತ್ತಿಲ್ಲ ಎಂದಾಗ ಮೊದಲು ನೋಡಬೇಕಾದ್ದು ಇದನ್ನೇ.

ನಡುತಂತಿ ಯಾವುದೆಂದು ತಿಳಿಯಲು ಬಣ್ಣವನ್ನು ನಂಬಬೇಡಿ. ಮೂರು ತಂತಿಗಳಲ್ಲಿ ಯಾವ ಜೋಡಿಯ ನಡುವೆ ಸುಮಾರು 2 ಕಿಲೊಓಮ್ ಇದೆಯೋ ಅವು ಎರಡು ತುದಿಗಳು; ಎರಡಕ್ಕೂ 1 ಕಿಲೊಓಮ್ ತೋರಿಸುವುದು ನಡುತಂತಿ. ನಾಲ್ಕೂ ಸೆಲ್‌ಗಳ ತುದಿಗಳನ್ನು ಕಪ್ಪಿಗೆ ಕಪ್ಪು, ಬಿಳಿಗೆ ಬಿಳಿ ಸೇರಿಸಿ ಒಂದು ಉಂಗುರ ಮಾಡಿ. ನಂತರ ಉಂಗುರದಲ್ಲಿ ಎದುರುಬದುರಾದ ಎರಡು ನಡುತಂತಿಗಳು ಎಚ್‌ಎಕ್ಸ್711ರ ಇ+ ಮತ್ತು ಇ−ಗೆ, ಉಳಿದೆರಡು ಎ+ ಮತ್ತು ಎ−ಗೆ. ಮಾಡ್ಯೂಲಿಗೆ 3.3 ವೋಲ್ಟನ್ನೇ ಕೊಡಿ. ಟೀನ್ಸಿ 4.1ರ ಪಿನ್‌ಗಳು 5 ವೋಲ್ಟ್ ತಾಳುವುದಿಲ್ಲ.

ಮಗುವೊಂದು ಮೂಲೆಯ ಮೇಲೆ ಕುಪ್ಪಳಿಸಿದರೆ ಇಡೀ ಹೊಡೆತ ಒಂದೇ ಸೆಲ್ಲಿಗೆ ಬೀಳುತ್ತದೆ. ಅದಕ್ಕಾಗಿ ಪ್ರತಿ ಮೂಲೆಯ ಪಕ್ಕ ಚೌಕಟ್ಟಿನಿಂದ ಮೇಲೇಳುವ ಒಂದು ಎಂ8 ಬೋಲ್ಟ್ ಇರಲಿ. ಮೂಲೆಯ ಮೇಲೆ 45 ಕೆಜಿ ಇಟ್ಟು, ಬೋಲ್ಟ್ ಹಲಗೆಗೆ ತಾಗುವಷ್ಟು ಮೇಲೆ ತಿರುಗಿಸಿ, ನಟ್ ಬಿಗಿದು ಲಾಕ್ ಮಾಡಿ. ಅದಕ್ಕಿಂತ ಹೆಚ್ಚಿನ ಭಾರ ಬೋಲ್ಟಿನ ಪಾಲಿಗೆ.

ಆಸನಗಳ ನಡುವೆ 6 ಮಿ.ಮೀ. ಸಂದು ಬಿಡಿ. ಸಂದು 8ರಿಂದ 25 ಮಿ.ಮೀ. ಇದ್ದರೆ ಮಕ್ಕಳ ಬೆರಳು ಸಿಕ್ಕಿಕೊಳ್ಳುತ್ತದೆ. ಎರಡೇ ಮಿಲಿಮೀಟರ್ ಆದರೆ ಮರಳು ತುಂಬಿ ಆಸನ ಬಿಗಿಯುತ್ತದೆ. ಮಳೆಗಾಲದಲ್ಲಿ ಮರ ಊದುತ್ತದೆಂಬುದೂ ನೆನಪಿರಲಿ.

ಪ್ರೋಗ್ರಾಮಿನಲ್ಲಿ ಎರಡು ಗೆರೆಗಳಿರಲಿ: 15 ಕೆಜಿ ದಾಟಿದರೆ ಕೂತರು, 8 ಕೆಜಿಗಿಂತ ಇಳಿದರೆ ಎದ್ದರು. ಒಂದೇ ಗೆರೆ ಇಟ್ಟರೆ ಅದರ ಆಸುಪಾಸಿನ ತೂಕಕ್ಕೆ ಧ್ವನಿ ಹೊತ್ತಿ ಆರಿ ಮಾಡುತ್ತದೆ. ಸತತ ಮೂರು ಓದು ಒಂದೇ ಮಾತು ಹೇಳಿದ ಮೇಲೆ ನಂಬಿ; ಸೆಕೆಂಡಿಗೆ 10 ಓದಿನ ವೇಗದಲ್ಲಿ ಅದು 0.3 ಸೆಕೆಂಡ್, ಕೂರುವ ಕ್ರಿಯೆಗೆ ಸಾಕು. ಉಷ್ಣಾಂಶದೊಂದಿಗೆ ಸೊನ್ನೆ ಸರಿಯುತ್ತಿರುತ್ತದೆ, ಆದ್ದರಿಂದ ಆಸನ ಖಾಲಿ ಎಂದು ಖಚಿತವಾದಾಗ ಮಾತ್ರ ಸೊನ್ನೆಯನ್ನು ನಿಧಾನ ಹೊಂದಿಸಿ.

ಯಾರೋ 20 ಕೆಜಿಯ ಚೀಲ ಇಟ್ಟು ಹೋದರೆ? ಮನುಷ್ಯ ಎಷ್ಟೇ ಅಲುಗದೆ ಕೂತರೂ ಉಸಿರಾಟ, ಮೈ ಸರಿಸುವಿಕೆಯಿಂದ ತೂಕ ಸದಾ ಸ್ವಲ್ಪ ತೂಗಾಡುತ್ತದೆ. ಐದು ನಿಮಿಷ 0.2 ಕೆಜಿಗಿಂತ ಹೆಚ್ಚು ಅಲುಗದಿದ್ದರೆ ಅದು ವಸ್ತು. ಧ್ವನಿ ಇಳಿಸಿ. ಈ ಐದು ಸಾಲಿನ ಕೋಡ್ ಬಹಳ ಮುಜುಗರ ತಪ್ಪಿಸುತ್ತದೆ.

5. ಕಿವಿಹಲಗೆ

ಆಸನದಿಂದ 70 ಸೆಂ.ಮೀ. ಮೇಲೆ, ಕೂತವರ ತಲೆಯ ಹಿಂದೆ ಬರುವಂತೆ ಪ್ಲೈವುಡ್ ಹಲಗೆಯನ್ನು ನಿಲ್ಲಿಸಿ. ಎಕ್ಸೈಟರನ್ನು ಬೆನ್ನೊರಗುವ ಹಲಗೆಗೇ ಅಂಟಿಸಿದರೆ ಮೈ ಒರಗಿದ ಕೂಡಲೇ ಹಲಗೆಯ ಕಂಪನ ಸತ್ತು ಮೇಲಿನ ಸ್ವರಗಳು ಮಂಕಾಗುತ್ತವೆ. ಅದಕ್ಕೇ ಕಿವಿಹಲಗೆ ಬೇರೆ, ಒರಗುಹಲಗೆ ಬೇರೆ.

ಹಲಗೆಯ ಅಂಚುಗಳಿಗೆ ಎಪಾಕ್ಸಿ ಎರಡು ಕೈ ಬಳಿದು, ಚೌಕಟ್ಟಿಗೆ ನಾಲ್ಕು ರಬ್ಬರ್ ಗ್ರೊಮೆಟ್‌ಗಳ ಮೂಲಕ ಸಡಿಲವಾಗಿ ತಗುಲಿಸಿ. ಬಿಗಿಯಾಗಿ ಸ್ಕ್ರೂ ಮಾಡಿದರೆ ಇಡೀ ಕಬ್ಬಿಣದ ಬೆಂಚೇ ಕಂಪಿಸಿ ಝಣಝಣಿಸುತ್ತದೆ. ಎಕ್ಸೈಟರ್ ನಟ್ಟನಡುವೆ ಬೇಡ. ಉದ್ದ ಮತ್ತು ಅಗಲ ಎರಡರಲ್ಲೂ ಸುಮಾರು ಐದರಲ್ಲಿ ಎರಡು ಭಾಗದ ಬಿಂದುವಿನಲ್ಲಿ ಇಟ್ಟರೆ ಹೆಚ್ಚು ಕಂಪನರೂಪಗಳು ಏಳುತ್ತವೆ, ಧ್ವನಿ ತುಂಬಿ ಬರುತ್ತದೆ. ಅಂಟುಟೇಪಿನ ಮೇಲಷ್ಟೇ ಭಾರ ಹಾಕಬೇಡಿ: ಬಿಸಿಲಿಗೆ ಅಂಟು ಮೆತ್ತಗಾಗಿ ತಿಂಗಳುಗಳಲ್ಲಿ ಎಕ್ಸೈಟರ್ ಜಾರಿ, ಸುರುಳಿ ಓರೆಯಾಗಿ, ಕರಕರ ಎನ್ನುತ್ತದೆ. ಹಿಂದಿನಿಂದ ಒಂದು ಸಣ್ಣ ಪಟ್ಟಿ ಅದರ ಭಾರ ಹೊರಲಿ.

ಹಲಗೆ ಎರಡೂ ಕಡೆ ಸದ್ದು ಮಾಡುತ್ತದೆ. ಬೆನ್ನ ಕಡೆ ಕಿಟಕಿಗಳಿದ್ದರೆ 50 ಮಿ.ಮೀ. ಫೋಮ್ ಹಾಕಿ ತಗಡಿನಿಂದ ಮುಚ್ಚಿ. ಫೋಮ್ ಎಕ್ಸೈಟರಿಗೆ ತಾಗದಿರಲಿ.

ಕೊನೆಗೆ 100 ಹರ್ಟ್ಸ್‌ನಿಂದ 10 ಕಿಲೊಹರ್ಟ್ಸ್‌ವರೆಗೆ ಏರುತ್ತ ಹೋಗುವ ಒಂದೇ ಸ್ವರ (ಸ್ವೀಪ್) ನುಡಿಸಿ ಕಿವಿಯ ಜಾಗದಲ್ಲಿ ಮೈಕ್ ಇಟ್ಟು ಅಳೆಯಿರಿ. ಕೆಳಸ್ವರ ಅಷ್ಟಾಗಿ ಬರುವುದಿಲ್ಲ, ಅದನ್ನು ಎತ್ತಲು ಹೋಗಬೇಡಿ. ಎಕ್ಸೈಟರ್ ಬಿಸಿಯೇರುತ್ತದೆ ಅಷ್ಟೇ. ಎದ್ದು ಕಾಣುವ ಎರಡು ಮೂರು ಶಿಖರಗಳನ್ನು ಮಾತ್ರ ಈಕ್ವಲೈಸರ್‌ನಲ್ಲಿ ಕತ್ತರಿಸಿ.

12 ವೋಲ್ಟ್‌ನಲ್ಲಿ ಈ ಆ್ಯಂಪ್ 8 ಓಮ್‌ಗೆ ಸುಮಾರು 9 ವಾಟ್ ಕೊಡುತ್ತದೆ, ಬೇಕಾದ್ದಕ್ಕಿಂತ ಬಹಳ ಹೆಚ್ಚು. ಸಾಫ್ಟ್‌ವೇರ್ ಪೂರ್ಣ ಮಟ್ಟದಲ್ಲಿದ್ದಾಗಲೂ ಕಿವಿಯ ಬಳಿ 70 ಡಿಬಿಎ ದಾಟದಂತೆ ಆ್ಯಂಪಿನ ವಾಲ್ಯೂಮ್ ಹೊಂದಿಸಿ, ಆ ಪೊಟೆನ್ಶಿಯೊಮೀಟರನ್ನು ಕಿತ್ತು ಅದೇ ಮೌಲ್ಯದ ರೆಸಿಸ್ಟರ್‌ಗಳನ್ನು ಬೆಸೆಯಿರಿ. ಕೋಡ್ ಹುಚ್ಚೆದ್ದ ರಾತ್ರಿಯೂ ಮಿತಿ ಮೀರಬಾರದು.

6. ತಟ್ಟುವ ತೋಳು, ಮತ್ತು ತನ್ನನ್ನೇ ತಟ್ಟಿಕೊಳ್ಳುವ ಬೆಂಚು

ಎರಡು ತೋಳುಪಟ್ಟಿಗಳ ಅಡಿಗೆ ಒಂದೊಂದು ಪೀಜೊ ಬಿಲ್ಲೆಯನ್ನು ಎಪಾಕ್ಸಿಯಲ್ಲಿ ಪೂರ್ತಿ ಮುಳುಗಿಸಿ ಅಂಟಿಸಿ. ಮೂರನೆಯದು ಬೆಂಚಿನ ಪಕ್ಕ 90 ಸೆಂ.ಮೀ. ಅಗಲದ ಖಾಲಿ ಜಾಗಕ್ಕೆ ಮುಖಮಾಡಿದ ಹಲಗೆಗೆ, ನೆಲದಿಂದ 80 ಸೆಂ.ಮೀ. ಎತ್ತರದಲ್ಲಿ. ಗಾಲಿಕುರ್ಚಿಯವರಿಗೆ ಅದೇ ಆಸನ. ಆ ಬದಿಯನ್ನು ತಟ್ಟಿದರೂ ಎರಡನೇ ಪದರ ಎರಡು ನಿಮಿಷ ತೆರೆದುಕೊಳ್ಳಲಿ. ಕಿವಿ ಕೇಳದವರಿಗೆ ಕಿವಿಹಲಗೆಯ ಅಂಚನ್ನು ಮುಟ್ಟಿದರೆ ನಾದ ಬೆರಳಿಗೆ ಸಿಗುತ್ತದೆ. ಆ ಅಂಚು ನಯವಾಗಿರಲಿ.

ಜೋರು ಹೊಡೆತಕ್ಕೆ ಪೀಜೊ ಹತ್ತಾರು ವೋಲ್ಟ್ ಉಗುಳಬಲ್ಲದು. ಬಿಲ್ಲೆಗೆ ಸಮಾಂತರವಾಗಿ 1 ಮೆಗಾಓಮ್, ಸರಣಿಯಲ್ಲಿ 10 ಕಿಲೊಓಮ್, ಪಿನ್ನಿನಿಂದ 3.3 ವೋಲ್ಟ್‌ಗೊಂದು, ಗ್ರೌಂಡಿಗೊಂದು ಶಾಟ್ಕಿ ಡಯೋಡ್. ಇಷ್ಟಿಲ್ಲದೆ ಜೋಡಿಸಿದರೆ ಬೋರ್ಡ್ ಹೆಚ್ಚು ದಿನ ಬಾಳದು. ಕೋಡಿನಲ್ಲಿ ಹೊಡೆತ ಕಂಡ ಮೇಲೆ 3 ಮಿಲಿಸೆಕೆಂಡ್ ಶಿಖರ ಹುಡುಕಿ, ನಂತರ 60 ಮಿಲಿಸೆಕೆಂಡ್ ಕಣ್ಣು ಮುಚ್ಚಿಕೊಳ್ಳಿ; ಇಲ್ಲವಾದರೆ ಒಂದು ತಟ್ಟಿಗೆ ಮೂರು ಸದ್ದು.

ಈ ವಿನ್ಯಾಸದ ಅತಿ ತುಂಟ ದೋಷ ಇಲ್ಲಿದೆ. ಎಕ್ಸೈಟರಿನ ಕಂಪನ ಚೌಕಟ್ಟಿನ ಮೂಲಕ ಹರಿದು ಪೀಜೊಗೆ ತಟ್ಟಿದಂತೆ ಕಾಣುತ್ತದೆ, ಅದು ಸದ್ದು ಹೊರಡಿಸುತ್ತದೆ, ಆ ಸದ್ದು ಮತ್ತೆ ತಟ್ಟುತ್ತದೆ. ಮನುಷ್ಯರಿಲ್ಲದ ಬೆಂಚು ಬೆಳಗಿನವರೆಗೂ ತಾಳ ಹಾಕುತ್ತಿರುತ್ತದೆ. ಮದ್ದು ಮೂರು, ಮೂರನ್ನೂ ಮಾಡಿ: ತೋಳುಪಟ್ಟಿಗೂ ಚೌಕಟ್ಟಿಗೂ ನಡುವೆ 6 ಮಿ.ಮೀ. ನಿಯೊಪ್ರೀನ್, ಹೊರಹೋಗುವ ಧ್ವನಿಯ ಮಟ್ಟ ಏರಿದಂತೆ ಪೀಜೊ ಮಿತಿಯೂ ಏರುವ ಕೋಡ್, ಬದಿಯ ಹಲಗೆಯೊಂದನ್ನು ಬಿಟ್ಟು ಉಳಿದ ತೋಳುಗಳ ತಟ್ಟನ್ನು ಯಾರಾದರೂ ಕೂತಿದ್ದಾಗ ಮಾತ್ರ ಕೇಳುವ ನಿಯಮ.

7. ಧ್ವನಿ ಸಿದ್ಧಪಡಿಸುವುದು

ಎಲ್ಲ ಕಡತಗಳೂ 44.1 ಕಿಲೊಹರ್ಟ್ಸ್, 16 ಬಿಟ್ ವೇವ್. ವಾಹನಗಳ ಮೊರೆತ ಕೆಳಸ್ವರಗಳನ್ನು ನುಂಗುತ್ತದೆ. 2ರಿಂದ 4 ಕಿಲೊಹರ್ಟ್ಸ್ ನಡುವೆ ಕಿವಿ ಅತಿ ಚುರುಕು, ಹಾಗಾಗಿ ಕಿರಿಕಿರಿಯೂ ಅಲ್ಲೇ. ಮುಖ್ಯ ಸ್ವರಗಳನ್ನು 300ರಿಂದ 1500 ಹರ್ಟ್ಸ್ ನಡುವೆ ಇಟ್ಟುಕೊಳ್ಳಿ. ಯಾರು ಯಾವಾಗ ಕೂರುತ್ತಾರೆಂದು ಗೊತ್ತಿಲ್ಲದಿರುವಾಗ ಯಾವ ಎರಡು ಸ್ವರ ಒಟ್ಟಿಗೆ ಬಿದ್ದರೂ ಕರ್ಕಶವಾಗಬಾರದು. ಮೋಹನದಂಥ ಐದು ಸ್ವರದ ರಾಗ ಇದಕ್ಕೆ ಹೇಳಿಮಾಡಿಸಿದ್ದು.

ಮೂರು ಪದರಗಳ ಉದ್ದ ಬೇರೆಬೇರೆ ಅವಿಭಾಜ್ಯ ಸಂಖ್ಯೆಗಳಾಗಲಿ: 61, 73, 89 ಸೆಕೆಂಡ್. ಮೊದಲೆರಡು ಮತ್ತೆ ಒಟ್ಟಿಗೆ ಶುರುವಾಗಲು 4453 ಸೆಕೆಂಡ್, ಸುಮಾರು 74 ನಿಮಿಷ ಬೇಕು. ಮೂರೂ ಸೇರಿ ಅದೇ ಹೊಂದಾಣಿಕೆಗೆ ಮರಳಲು 110 ಗಂಟೆ. ಮೂರು ಸಣ್ಣ ಕಡತಗಳಿಂದ ನಾಲ್ಕೂವರೆ ದಿನ ಮರುಕಳಿಸದ ಸಂಗೀತ. ಇದು ದಕ್ಕಬೇಕಾದರೆ ಯಾರು ಕೂತಾಗಲೂ ಪದರವನ್ನು ಮೊದಲಿಂದ ಶುರುಮಾಡಬೇಡಿ. ಮೂರೂ ಸದಾ ಒಳಗೊಳಗೇ ಓಡುತ್ತಿರಲಿ, ಕೂತಾಗ ವಾಲ್ಯೂಮ್ ಮಾತ್ರ ತೆರೆಯಲಿ.

ತಟ್ಟಿನ ಸದ್ದುಗಳು 12 ಇರಲಿ, ತಲಾ ಒಂದೂವರೆ ಸೆಕೆಂಡ್. ಇವನ್ನು ಕಾರ್ಡಿನಲ್ಲಿಡದೆ ಬೋರ್ಡಿನ ಫ್ಲ್ಯಾಶ್ ಸ್ಮೃತಿಯಲ್ಲೇ ಇಡಿ. ಒಟ್ಟು ಸುಮಾರು 1.6 ಎಂಬಿ, ಟೀನ್ಸಿಯಲ್ಲಿ ಧಾರಾಳ ಜಾಗವಿದೆ. ಕಾರ್ಡಿನಿಂದ ಓದುವಾಗ ಆಗಾಗ ಆಗುವ ತಡ ತಾಳಕ್ಕೆ ಕೇಡು. ಈಚಿನ ನಾಲ್ಕು ಸದ್ದುಗಳು ಮತ್ತೆ ಬರದಂತೆ ಆರಿಸಿ.

ಬೆಂಚಿನಡಿ ಒಂದು ಸಣ್ಣ ಮೈಕ್ ಇಟ್ಟು, ಯಾರೂ ಕೂತಿಲ್ಲದಾಗ ಹಿನ್ನೆಲೆಯ ಒಂದು ನಿಮಿಷದ ಸರಾಸರಿ ತೆಗೆದು ಅದಕ್ಕಿಂತ 4 ಡೆಸಿಬೆಲ್ ಮೇಲಕ್ಕೆ ಮಟ್ಟ ಹೊಂದಿಸಿ. ನುಡಿಯುತ್ತಿರುವಾಗ ಅಳೆದರೆ ಬೆಂಚು ತನ್ನ ಸದ್ದನ್ನೇ ಗದ್ದಲವೆಂದು ತಿಳಿದು ಕೂಗುತ್ತ ಹೋಗುತ್ತದೆ.

8. ವಿದ್ಯುತ್ ಮತ್ತು ನೀರು

ಸರಾಸರಿ 3 ವಾಟ್, ದಿನಕ್ಕೆ 12 ಗಂಟೆ: 36 ವಾಟ್-ಗಂಟೆ. ಬ್ಯಾಟರಿಯ 256ರಲ್ಲಿ ಶೇ 80 ಬಳಸಿದರೂ ಐದು ದಿನ ದಾಟುತ್ತದೆ. ಫ್ಯೂಸ್ ಬ್ಯಾಟರಿಯ ಧನಧ್ರುವದಿಂದ 15 ಸೆಂ.ಮೀ. ಒಳಗೇ ಇರಲಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಈ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು. ಮನೆವಿದ್ಯುತ್ತನ್ನು ಬೆಂಚಿನವರೆಗೆ ತರಲೇಬೇಡಿ. ಖಾಲಿ ಹೊತ್ತಿನಲ್ಲಿ ಚೀಂ ಎನ್ನುವ ಸದ್ದು ಬಂದರೆ 5 ವೋಲ್ಟ್ ಕನ್ವರ್ಟರ್ ಮತ್ತು ಆ್ಯಂಪಿನ ಗ್ರೌಂಡ್ ತಂತಿಗಳನ್ನು ಬೇರೆಬೇರೆಯಾಗಿ ಬ್ಯಾಟರಿಯ ಋಣಧ್ರುವಕ್ಕೇ ಒಯ್ಯಿರಿ.

ಗಟ್ಟಿ ಮುಚ್ಚಿದ ಪೆಟ್ಟಿಗೆಯಲ್ಲೂ ನೀರು ಸೇರುವುದು ಹೇಗೆ? ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಹೊರಹೋಗುತ್ತದೆ, ಮಳೆ ಬಿದ್ದು ತಣಿದಾಗ ಕುಗ್ಗಿ ರಬ್ಬರ್ ಸೀಲಿನ ಸಂದಿಯಿಂದ ನೀರನ್ನೇ ಹೀರಿಕೊಳ್ಳುತ್ತದೆ. ಪೊರೆಯ ವೆಂಟ್ ಇರುವುದು ಈ ಒತ್ತಡ ಸಮ ಮಾಡಲಿಕ್ಕೆ. ಗ್ಲ್ಯಾಂಡ್‌ಗಳೆಲ್ಲ ಕೆಳಮುಖವಾಗಿರಲಿ, ಪ್ರತಿ ಕೇಬಲ್ ಒಳಹೋಗುವ ಮುನ್ನ ಒಮ್ಮೆ ಕೆಳಗಿಳಿದು ಮೇಲೇರಲಿ. ಪೆಟ್ಟಿಗೆ ನೆಲದಿಂದ 20 ಸೆಂ.ಮೀ. ಮೇಲಿರಲಿ. ಎಚ್‌ಎಕ್ಸ್711 ಬೋರ್ಡುಗಳಿಗೆ ತೇವ ತಡೆಯುವ ಕನ್ಫಾರ್ಮಲ್ ಲೇಪ ಹಚ್ಚಿ. ತೇವಕ್ಕೆ ಅವುಗಳ ಅಂಕಿ ಮೊದಲು ಅಲೆಯುತ್ತದೆ.

9. ಪರೀಕ್ಷೆ, ಮತ್ತು ಇಟ್ಟ ಮೇಲೆ

ಕಾರ್ಯಾಗಾರದಲ್ಲಿ ಸತತ 72 ಗಂಟೆ ಓಡಿಸಿ. ಪೈಪಿನಿಂದ ಹತ್ತು ನಿಮಿಷ ನೀರು ಬಿಟ್ಟು, ಒಂದು ರಾತ್ರಿ ಬಿಟ್ಟು ಪೆಟ್ಟಿಗೆ ತೆರೆದು ನೋಡಿ. ಓಡುತ್ತಿರುವಾಗಲೇ ಇಪ್ಪತ್ತು ಸಲ ಕರೆಂಟ್ ಕಿತ್ತು ಹಾಕಿ. ಪ್ರತಿ ಸಲವೂ ತಾನಾಗಿ ಏಳಬೇಕು. ಕೋಡ್ ಸಿಕ್ಕಿಹಾಕಿಕೊಂಡರೆ ಬೋರ್ಡನ್ನು ಮರುಚಾಲನೆ ಮಾಡುವ ವಾಚ್‌ಡಾಗ್ ಟೈಮರ್ ಕಡ್ಡಾಯ.

ಜಾಗದಲ್ಲಿಟ್ಟ ಮೊದಲ ದಿನ ದೂರ ನಿಂತು ನೋಡಿ, ಯಾರಿಗೂ ವಿವರಿಸಬೇಡಿ. ಜನ ಕೂತು ಸದ್ದು ಎಲ್ಲಿಂದ ಎಂದು ತಲೆ ತಿರುಗಿಸಿದರೆ ಸರಿಯಾಗಿದೆ. ಕೂತವರಿಗೆ ಗೊತ್ತೇ ಆಗದಿದ್ದರೆ ಏರಿಕೆಯ ಅವಧಿ ತಗ್ಗಿಸಿ, ವಾಲ್ಯೂಮ್ ಮುಟ್ಟಬೇಡಿ. ಅದೇ ದಿನ ರಾತ್ರಿ ಹತ್ತಿರದ ಕಿಟಕಿಯ ಬಳಿ ಹೋಗಿ ಅಳೆಯಿರಿ.

ವಾರಕ್ಕೊಮ್ಮೆ: ಆಸನದ ಸಂದು ಗುಡಿಸುವುದು, ಪ್ರತಿ ಆಸನದ ಮೇಲೆ ಗೊತ್ತಿರುವ ತೂಕವಿಟ್ಟು ಓದುವುದು, ಬೋಲ್ಟ್ ಮುಟ್ಟಿ ನೋಡುವುದು, ಕಾರ್ಡಿನ ದಾಖಲೆ ತೆಗೆಯುವುದು. ದಾಖಲೆಯಲ್ಲಿ ನಡುರಾತ್ರಿ ತಟ್ಟುಗಳು ಕಂಡರೆ ಬದಿಯ ಪೀಜೊ ಅಂಟು ಬಿಟ್ಟಿದೆ ಅಥವಾ ಒಳಗೆ ಇರುವೆ ಸೇರಿದೆ. ಒಂದೇ ಆಸನ ಸದಾ ಕೂತಂತೆ ತೋರಿಸಿದರೆ ಸಂದಿನಲ್ಲಿ ಕಲ್ಲು ಸಿಕ್ಕಿದೆ, ಇಲ್ಲವೇ ತಡೆಬೋಲ್ಟ್ ಸಡಿಲಗೊಂಡು ಒಂದು ಸೆಲ್ ಬಾಗಿಹೋಗಿದೆ. ಮೊದಲನೆಯದಕ್ಕೆ ಚಾಕು ಸಾಕು, ಎರಡನೆಯದಕ್ಕೆ ಆ ಸೆಲ್ ಬದಲಿಸಿ ನಾಲ್ಕೂ ಬೋಲ್ಟ್‌ಗಳನ್ನು 45 ಕೆಜಿಯಿಂದ ಮತ್ತೆ ಹೊಂದಿಸಬೇಕು.